ಮಾವನ ಕೆಂಪು ಪೆನ್ನು

ಲಗ್ನಪತ್ರಿಕೆ ಕೈಗೆ ಬಂದರೆ ಒಬ್ಬೊಬ್ಬರು ಒಂದೊಂದನ್ನು ನೋಡುತ್ತಾರೆ. ಕೆಲವರು ಮುಹೂರ್ತ ಎಷ್ಟು ಹೊತ್ತಿಗೆ ಅಂತ ನೋಡುತ್ತಾರೆ. ಕೆಲವರು ಛತ್ರ ಯಾವುದು, ಬಸ್ಸಿನಿಂದ ಇಳಿದು ಎಷ್ಟು ನಡೆಯಬೇಕು ಅಂತ ನೋಡುತ್ತಾರೆ. ಹುಡುಗಿಯ ಹೆಸರಿನ ಪಕ್ಕ ಬಿ.ಇ. ಇದೆಯೋ ಎಂ.ಟೆಕ್. ಇದೆಯೋ ನೋಡುವವರಿದ್ದಾರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟನೆಯದು ಅಂತ ಎಣಿಸಿ, ಮದುವೆಗೆ ಹೋಗುವುದೋ ಬಿಡುವುದೋ ಅಲ್ಲೇ ತೀರ್ಮಾನ ಮಾಡುವವರೂ ಉಂಟು. ನನ್ನ ಸೋದರಮಾವ ಇದ್ಯಾವುದನ್ನೂ ನೋಡುವುದಿಲ್ಲ. ಅವರು ಜೇಬಿಗೆ ಕೈಹಾಕಿ ಕೆಂಪು ಪೆನ್ನು ತೆಗೆಯುತ್ತಾರೆ.

ಮಾವ ಹಾಸನದ ಕಡೆಯ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಪಾಠ ಹೇಳುವುದು ನಿಂತರೂ ತಿದ್ದುವುದು ನಿಂತಿಲ್ಲ. ಹೋದ ಮಾಘದಲ್ಲಿ ದಾಯಾದಿಯೊಬ್ಬರು ಮಗನನ್ನೂ ಕರೆದುಕೊಂಡು ಮದುವೆಗೆ ಕರೆಯಲು ಬಂದಿದ್ದರು. ಬೆಳ್ಳಿ ಬಟ್ಟಲಲ್ಲಿ ಅಕ್ಷತೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ ಕವರು, ಕವರಿನೊಳಗೆ ಗಣಪತಿಯ ಚಿತ್ರವಿದ್ದ ದಪ್ಪ ಕಾರ್ಡು. ಮಾವ ಅದನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು, "ಜೇಷ್ಠ ಪುತ್ರ ಅಂತ ಹಾಕಿಸಿದ್ದೀಯಲ್ಲೋ, ಯ ಒತ್ತು ಎಲ್ಲಿ?" ಅಂದರು.

"ಅಣ್ಣಯ್ಯ, ಎಂಟುನೂರು ಕಾರ್ಡು ಅಚ್ಚಾಗಿಹೋಗಿದೆ."

"ಹಾಗಾದರೆ ಎಂಟುನೂರು ತಪ್ಪು."

ಹೀಗೆಂದು 'ಜೇ' ಕೆಳಗೆ ಕೆಂಪಗೆ ಒಂದು ಒತ್ತು ಇಳಿಸಿದರು. ಅಷ್ಟಕ್ಕೇ ಬಿಡಲಿಲ್ಲ. 'ಆರತಕ್ಷತೆ'ಯ ಮೇಲೆ ಬೆರಳಿಟ್ಟು, ಇದು ಯಾವ ಸಂಧಿ ಅಂತ ಮದುಮಗನನ್ನೇ ಕೇಳಿದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಹುಡುಗ. ಹತ್ತನೇ ತರಗತಿಗೇ ಕನ್ನಡಕ್ಕೆ ಕೈಮುಗಿದವನು. ಅಪ್ಪನ ಮುಖ ನೋಡಿದ. ಆರತಿಯೂ ಅಕ್ಷತೆಯೂ ಸೇರಿದರೆ ಸಂಸ್ಕೃತದ ಲೆಕ್ಕದಲ್ಲಿ ಯಣ್ ಸಂಧಿಯಾಗಿ 'ಆರತ್ಯಕ್ಷತೆ' ಆಗಬೇಕಲ್ಲವೆ, ಕನ್ನಡದ ಲೋಪಸಂಧಿಯಾದರೆ 'ಆರತಕ್ಷತೆ'ಯೇ ಸರಿಯಲ್ಲವೆ ಎಂಬ ವಿಚಾರ ಕಾಫಿ ಆರುವ ತನಕ ನಡೆಯಿತು. ಹುಡುಗಿ ಯಾವ ಊರಿನವಳು ಅಂತ ಕೇಳುವುದು ಮಾತ್ರ ಮನೆಯವರೆಲ್ಲರಿಗೂ ಮರೆತುಹೋಯಿತು.

ಮಾವ ಹೇಳುವುದು ತಪ್ಪೇನಲ್ಲ. ತೊಂದರೆ ಇರುವುದೇ ಅಲ್ಲಿ. ತಪ್ಪು ಹೇಳುವವರ ಜೊತೆ ಜಗಳವಾಡಬಹುದು. ಸರಿ ಹೇಳುವವರ ಎದುರು ಏನು ಮಾಡುವುದು? ಎದ್ದು ಹೋಗಬೇಕು, ಇಲ್ಲವೆ ಅವರು ಇಲ್ಲದ ಹೊತ್ತಿಗೆ ಬರಬೇಕು. ನಮ್ಮ ನೆಂಟರು ಎರಡನೆಯ ದಾರಿ ಹಿಡಿದಿದ್ದಾರೆ. ಮಾವ ಸಂಜೆ ವಾಕಿಂಗಿಗೆ ಹೊರಟದ್ದನ್ನು ಬೀದಿಯ ತುದಿಯಲ್ಲಿ ನಿಂತು ನೋಡಿಕೊಂಡು, ಆಮೇಲೆ ಬಂದು ಅತ್ತೆಯ ಕೈಗೆ ಕಾರ್ಡು ಕೊಟ್ಟು, ಕುಂಕುಮ ಇಡಿಸಿಕೊಂಡು ಹೋಗುತ್ತಾರೆ. ಊರಿನ ಸುದ್ದಿಯೆಲ್ಲ ಈಗ ಮಾವನಿಗೆ ಅತ್ತೆಯ ಮೂಲಕವೇ ತಲುಪಬೇಕು.

ಇನ್ನು ಕುಟುಂಬದ ವಾಟ್ಸಾಪ್ ಗುಂಪು. ಅಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂತೆಂದರೆ ಹಿಂದೆಯೇ ಭಾವಪೂರ್ಣ 'ಶೃದ್ಧಾಂಜಲಿ'ಗಳು ಸಾಲುಗಟ್ಟುತ್ತವೆ. ಮಾವ ಅದೇ ಸಾಲಿನಲ್ಲಿ ಬಂದು, "ಶೃ ಅಲ್ಲ, ಶ್ರ" ಎಂದು ಒಂದೇ ಮಾತು ಬರೆಯುತ್ತಾರೆ. ಯಾರೋ ಕ್ಷಮೆ ಕೇಳುತ್ತಾರೆ, ಇನ್ಯಾರೋ ಕೀಬೋರ್ಡಿನ ಮೇಲೆ ಹಾಕುತ್ತಾರೆ, ಮತ್ತೊಬ್ಬರು ಶೃಂಗೇರಿಯ ಶೃ ಹೇಗೆ ಬೇರೆ ಅಂತ ವಿವರಿಸುತ್ತಾರೆ. ಎರಡು ದಿನ ಚರ್ಚೆ. ತೀರಿಕೊಂಡವರಿಗೆ ಎಷ್ಟು ವಯಸ್ಸಾಗಿತ್ತು, ಏನಾಗಿತ್ತು ಅಂತ ಯಾರೂ ಕೇಳಿರುವುದಿಲ್ಲ.

ಬೋರ್ಡುಗಳ ಪುರಾಣ ಇಲ್ಲಿ ಬೇಡ. 'ಮಧ್ಯಪಾನ ನಿಷೇಧಿಸಲಾಗಿದೆ' ಅಂದರೆ ಮೊದಲೂ ಕೊನೆಗೂ ಕುಡಿಯಬಹುದೇ ಎನ್ನುವ ನಗೆಹನಿಗೆ ನನ್ನಷ್ಟೇ ವಯಸ್ಸಾಗಿದೆ. ಆದರೂ 'ವಿಧ್ಯಾರ್ಥಿ', 'ಅಧ್ಭುತ', 'ಧೀರ್ಘ', 'ಉಚ್ಛಾರಣೆ' ಇವನ್ನು ಸುಮ್ಮನೆ ಸಾಲಾಗಿ ಇಟ್ಟು ನೋಡಿ. ಇವು ಸೋಮಾರಿತನದ ತಪ್ಪುಗಳಲ್ಲ. ಸೋಮಾರಿಯಾದವನು ಇದ್ದ ಮಹಾಪ್ರಾಣವನ್ನು ಬಿಡುತ್ತಾನೆಯೇ ಹೊರತು ಇಲ್ಲದ ಕಡೆ ತಂದು ಅಂಟಿಸುವುದಿಲ್ಲ. ಇವು ಹೆದರಿಕೆಯ ತಪ್ಪುಗಳು. ಎಲ್ಲೋ ಒಂದು ಕಡೆ ಹೊಟ್ಟೆ ಸೀಳಬೇಕು, ಎಲ್ಲಿ ಅಂತ ಗೊತ್ತಿಲ್ಲ, ಸೀಳದೆ ಬಿಟ್ಟರೆ ಬೈಸಿಕೊಳ್ಳಬೇಕು; ಇರಲಿ ಅಂತ ಕಂಡಲ್ಲೆಲ್ಲ ಒಂದೊಂದು ಗೀಟು ಎಳೆದುಬಿಡುವುದು.

ನಮ್ಮ ಕಡೆಯ ಹಕಾರದ ಕತೆಯೂ ಇದೇ. ಹಾಸನ 'ಆಸನ', ಹಾಲು 'ಆಲು', ಹೊಲ 'ವೊಲ', ಹುಡುಗ 'ವುಡ್ಗ'. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಾದದ್ದು ನಾನು ಕಾಣೆ. 'ಆಲು ಕೊಡವ್ವ' ಅಂದರೆ ಯಾವ ತಾಯಿಯೂ ಆಲದ ಮರ ತಂದುಕೊಟ್ಟಿಲ್ಲ. ತೊಂದರೆ ಶುರುವಾಗುವುದು ಸ್ಕೂಲಿನಲ್ಲಿ. "ಹ ಅನ್ನೋ, ಹ!" ಎಂದು ಮೇಷ್ಟ್ರು ಕಿವಿ ಹಿಂಡುತ್ತಾರೆ. ಹುಡುಗನಿಗೆ ಅರ್ಥವಾಗುವುದು ಇಷ್ಟೇ: ಓದಿದವರ ಮಾತಿನಲ್ಲಿ ಹಕಾರ ಜಾಸ್ತಿ. ಅವನು ಬೆಳೆದು ದೊಡ್ಡವನಾಗಿ, ಪಂಚಾಯಿತಿ ಚುನಾವಣೆಯಲ್ಲಿ ಗೆದ್ದು, ರಾಜ್ಯೋತ್ಸವದ ವೇದಿಕೆ ಹತ್ತಿ, ಮೈಕಿನ ಮುಂದೆ ನಿಂತು, ಬಂದ ಅತಿಥಿಗಳಿಗೆಲ್ಲ 'ಹಾದರದ ಸ್ವಾಗತ' ಕೋರುತ್ತಾನೆ. ಸಭೆ ನಗುತ್ತದೆ. ಮುಂದಿನ ಸಾಲಿನಲ್ಲಿ ಶಾಲು ಹೊದ್ದು ಕೂತ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಆ ಹಕಾರವನ್ನು ಅವನ ಬಾಯಿಗೆ ಹಾಕಿದವರು ತಾವೇ ಎನ್ನುವುದು ಅವರಿಗೆ ಹೊಳೆಯುವುದಿಲ್ಲ. ಅವನ ಪಾಡಿಗೆ ಬಿಟ್ಟಿದ್ದರೆ 'ಆದರದ ಸ್ವಾಗತ' ಎಂದು ನೆಟ್ಟಗೆ ಹೇಳಿ ಕೆಳಗಿಳಿಯುತ್ತಿದ್ದ.

ಅಷ್ಟಕ್ಕೂ ಈ ಹಕಾರದ ಜಾತಕ ತೆಗೆದರೆ ಅದೇನೂ ಅಂಥ ಕುಲೀನವಲ್ಲ. ಪಂಪ 941ರ ಹೊತ್ತಿಗೆ ತನ್ನ ಕಾವ್ಯ ಬರೆಯುವಾಗ ಹಾಲು 'ಪಾಲ್' ಆಗಿತ್ತು, ಹಕ್ಕಿ 'ಪಕ್ಕಿ' ಆಗಿತ್ತು, ಹೂವು 'ಪೂ' ಆಗಿತ್ತು. ಮುಂದಿನ ಕೆಲವು ಶತಮಾನಗಳಲ್ಲಿ ಜನರ ಬಾಯಲ್ಲಿ ಪಕಾರ ಸವೆದು ಹಕಾರವಾಯಿತು. ಮೊಟ್ಟಮೊದಲು 'ಹಾಲು' ಎಂದವನನ್ನು ಆ ಕಾಲದ ಪಂಡಿತರು ಸುಮ್ಮನೆ ಬಿಟ್ಟಿರಲಾರರು. ಹಾಸನದ ಹಳ್ಳಿಯವನು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿದ್ದಾನೆ, ಅಷ್ಟೆ. ಸ್ವತಃ ಕನ್ನಡ ಅಧ್ಯಾಪಕರಾಗಿದ್ದ ಜಿ. ಪಿ. ರಾಜರತ್ನಂ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರ ಯೆಂಡ್ಕುಡ್ಕ ರತ್ನನಿಗೆ ಹಕಾರ ಕಲಿಸುವ ಕೆಲಸಕ್ಕೆ ಅವರು ಹೋಗಲೇ ಇಲ್ಲ. ಹೋಗಿದ್ದರೆ 'ಹೆಂಡ ಕುಡುಕ ರತ್ನ' ಎಂಬ ಸಭ್ಯ ಶೀರ್ಷಿಕೆ ನಮಗೆ ಸಿಗುತ್ತಿತ್ತು, ಹಾಡುವವರು ಸಿಗುತ್ತಿರಲಿಲ್ಲ.

ಮಾವನ ಪೆನ್ನಿಗೆ ಮೊದಲು ಸಿಕ್ಕಿದವರು ಹಳ್ಳಿ ಹುಡುಗರಲ್ಲ, ನಮ್ಮ ಅತ್ತೆ. ಅತ್ತೆಯ ತವರು ಗದಗಿನ ಕಡೆ. ಅವರ ತಂದೆಗೆ ರೈಲ್ವೆ ನೌಕರಿ. ವರ್ಗವಾಗಿ ಅರಸೀಕೆರೆಗೆ ಬಂದಿದ್ದಾಗ ಕುದುರಿದ ಸಂಬಂಧ. ಮದುವೆಯಾದ ವರ್ಷ ಆಷಾಢಕ್ಕೆ ಅತ್ತೆ ತವರಿಗೆ ಹೋದರು. ಹೊಸ ಹೆಂಡತಿ, ಮೊದಲ ಅಗಲಿಕೆ, ಫೋನಿಲ್ಲದ ಕಾಲ. ಅತ್ತೆ ಇನ್‌ಲ್ಯಾಂಡ್ ಲೆಟರಿನ ಮೂರೂ ಮಗ್ಗುಲು ತುಂಬಿಸಿ, ಮಡಿಸುವ ಅಂಚಿನಲ್ಲೂ ಒಂದು ಸಾಲು ಬರೆದು ಕಳಿಸಿದರು. ತಾವು ಆಡುವ ಹಾಗೇ ಬರೆದಿದ್ದರು: ನಾ ಆರಾಮ ಇದ್ದೀನಿ, ಇಲ್ಲೆ ಮಳಿ ಭಾಳ ಆಗೇದ, ನಿಮ್ಮ ನೆನಪ ಆಗತದ.

ವಾರದೊಳಗೆ ಉತ್ತರ ಬಂತು. ಒಡೆದು ನೋಡಿದರೆ ಅವರದೇ ಪತ್ರ. 'ಮಳಿ' ಕೆಳಗೆ ಗೆರೆ ಎಳೆದು 'ಮಳೆ'. 'ಭಾಳ' ಹೊಡೆದುಹಾಕಿ 'ಬಹಳ'. 'ಆಗೇದ' ಸುತ್ತ ಒಂದು ವೃತ್ತ, ಪಕ್ಕದಲ್ಲಿ 'ಆಗಿದೆ'. 'ನೆನಪ ಆಗತದ' ಎಂಬಲ್ಲಿಗೆ ಬಂದಾಗಲಾದರೂ ಪೆನ್ನು ಒಂದು ಗಳಿಗೆ ತಡೆಯಿತೋ ಏನೋ, ಆದರೆ ಬಿಡಲಿಲ್ಲ. ಅಲ್ಲಿಯೂ 'ನೆನಪಾಗುತ್ತದೆ' ಎಂದು ತಿದ್ದಿ, ಪೂರ್ಣವಿರಾಮವನ್ನೂ ಇಟ್ಟಿದ್ದರು. ಕೊನೆಯಲ್ಲಿ 'ಅಕ್ಷರ ದುಂಡಾಗಿದೆ, ಸಂತೋಷ' ಎಂಬ ಷರಾ.

ಅತ್ತೆ ಮುಂದೆ ಒಂದು ಕಾರ್ಡು ಬರೆದರು. ಅದರಲ್ಲಿ ಇದ್ದದ್ದು 'ಕ್ಷೇಮ' ಎನ್ನುವ ಒಂದೇ ಶಬ್ದ. ಅದನ್ನೂ ಮಾವ ತಿರುಗಿ ಕಳಿಸಿದರು, 'ಕ್ರಿಯಾಪದ ಎಲ್ಲಿ?' ಎಂಬ ಪ್ರಶ್ನೆಯೊಂದಿಗೆ.

ಈ ಕತೆಯನ್ನು ಅತ್ತೆ ಈಗಲೂ ಹೋಳಿಗೆ ತಟ್ಟುತ್ತ ನಗುನಗುತ್ತಲೇ ಹೇಳುತ್ತಾರೆ. "ಓದಲಿ ಅಂತ ಬರದಿದ್ದೆ ನೋಡಪಾ. ಇವರು ತಿದ್ದಿದ್ರು, ಓದಲಿಲ್ಲ." ಮಾವ ಪಕ್ಕದಲ್ಲೇ ಕೂತಿರುತ್ತಾರೆ. 'ಬರದಿದ್ದೆ' ಎಂಬುದು ಅವರ ಕಿವಿಗೆ ತಾಗಿದ್ದು ಮುಖದಲ್ಲಿ ಕಾಣುತ್ತದೆ. ಆದರೆ ಹೋಳಿಗೆ ಇನ್ನೂ ಕಾವಲಿಯ ಮೇಲಿರುತ್ತದೆ.

ಅತ್ತೆಯ ಪತ್ರದಲ್ಲಿ ತಪ್ಪೇ ಇರಲಿಲ್ಲ ಎನ್ನುವುದು ನನ್ನ ತೀರ್ಪು. ಅದು ಗದಗಿನ ಕನ್ನಡ. ಹಾಗೆ ತಿದ್ದುತ್ತ ಹೊರಟರೆ ಬೇಂದ್ರೆಯವರಿಗೆ 1973ರ ಜ್ಞಾನಪೀಠ ತಂದುಕೊಟ್ಟ ಪುಸ್ತಕದ ಹೆಸರನ್ನೇ ತಿದ್ದಬೇಕಾಗುತ್ತದೆ. 'ನಾಕುತಂತಿ' ಅನ್ನುವುದರಲ್ಲಿ ಲಕಾರ ಎಲ್ಲಿ ಹೋಯಿತು ಎಂದು ಯಾವ ಮೇಷ್ಟರಾದರೂ ಕೇಳಬಹುದಿತ್ತು. 'ನಾಲ್ಕು ತಂತಿಗಳು' ಅಂದರೆ ವ್ಯಾಕರಣ ಶುದ್ಧ, ಬಹುವಚನವೂ ಸರಿ. ಆದರೆ ಅದು ವಾದ್ಯದ ಅಂಗಡಿಯ ಬಿಲ್ಲಿನಲ್ಲಿ ಬರೆಯುವ ಮಾತು.

ಮೈಸೂರಿನವರು 'ಬರ್ತೀನಿ' ಅನ್ನುತ್ತಾರೆ, ಮಂಗಳೂರಿನವರು 'ಬರ್ತೇನೆ' ಅನ್ನುತ್ತಾರೆ, ಧಾರವಾಡದವರು ಅದಕ್ಕೊಂದು 'ರೀ' ಸೇರಿಸಿ 'ಬರ್ತೀನ್ರಿ' ಅನ್ನುತ್ತಾರೆ, ಕುಂದಾಪುರದವರು 'ಬತ್ತೆ' ಅನ್ನುವಷ್ಟರಲ್ಲಿ ಹೊರಟೇಹೋಗಿರುತ್ತಾರೆ. ಪ್ರತಿಯೊಬ್ಬರಿಗೂ ಉಳಿದ ಮೂವರ ಕನ್ನಡ ತಮಾಷೆ. ಇದೇನು ನಿನ್ನೆ ಮೊನ್ನೆಯ ಸಂಗತಿಯಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಒಳ್ಳೆಯ ಕನ್ನಡ ಎಲ್ಲಿಯದು ಎಂದು ಹೇಳಲು ಹೊರಟು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಅಂತ ನಾಲ್ಕು ಊರುಗಳನ್ನು ಹೆಸರಿಸುತ್ತದೆ. ನಮ್ಮ ಹಾಸನಕ್ಕೂ ಮೈಸೂರಿಗೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಅದು ಈಗಿರುವುದು ಗದಗ ಜಿಲ್ಲೆಯಲ್ಲಿ, ಅಂದರೆ ಅತ್ತೆಯ ತವರಿನ ಕಡೆ. ಇದನ್ನು ಮಾವನ ಎದುರು ಎತ್ತಿದಾಗ ಅವರು ಸ್ನಾನಕ್ಕೆ ನೀರು ಕಾದಿದೆಯೇ ಅಂತ ವಿಚಾರಿಸಿಕೊಂಡು ಎದ್ದುಹೋದರು. ಅದೇ ಗ್ರಂಥದಲ್ಲಿ ಇನ್ನೊಂದು ಮಾತೂ ಇದೆ: ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಲು ಕೂತರೆ ವಾಸುಕಿಗೂ ಬೇಸರವಾದೀತು, ಏಕೆಂದರೆ ದೇಸಿಗಳು ಬೇರೆಬೇರೆ. 'ಕನ್ನಡಗಳಲ್ಲಿ' ಎಂದು ಬಹುವಚನದಲ್ಲಿಯೇ ಹೇಳಿದ್ದಾರೆ. ಸಾವಿರ ನಾಲಗೆಯ ಸರ್ಪವೇ ಕೈಚೆಲ್ಲುವ ಕೆಲಸವನ್ನು ನಮ್ಮ ಮಾವ ಒಂದೇ ಪೆನ್ನಿನಲ್ಲಿ ಹಿಡಿದುಕೊಂಡು ಕೂತಿದ್ದಾರೆ.

ತಿದ್ದುವ ಚಟ ಹಳೆಯದು, ತಿದ್ದಿಸಿಕೊಂಡವರ ಕತೆಗಳೂ ಹಳೆಯವು. ಪಲ್ಲಕ್ಕಿಯ ಕತೆ ಎಲ್ಲರಿಗೂ ಗೊತ್ತಿರುವಂಥದು. ಪಲ್ಲಕ್ಕಿ ಹೊತ್ತವನನ್ನು ರಾಜ ಕನಿಕರದಿಂದ, ಭಾರ ನೋಯಿಸುತ್ತಿದೆಯೇ ಎಂದು ಸಂಸ್ಕೃತದಲ್ಲಿ ಕೇಳುತ್ತಾನೆ. ಕೇಳುವಾಗ 'ಬಾಧತೇ' ಎನ್ನಬೇಕಾದಲ್ಲಿ 'ಬಾಧತಿ' ಎನ್ನುತ್ತಾನೆ. ಹೊತ್ತವನು ಪಂಡಿತ. ನಿನ್ನ 'ಬಾಧತಿ' ನೋಯಿಸಿದಷ್ಟು ಭಾರ ನೋಯಿಸುತ್ತಿಲ್ಲ ಎಂದು ಉತ್ತರ ಕೊಡುತ್ತಾನೆ. ನಾವು ಚಪ್ಪಾಳೆ ತಟ್ಟುವುದು ಪಂಡಿತನಿಗೆ. ನನಗೆ ಮಾತ್ರ ರಾಜನ ಮೇಲೆ ಮರುಕ. ಹೊತ್ತವನ ಹೆಗಲು ನೋಯುತ್ತಿದೆಯೇ ಎಂದು ಕೇಳುವ ರಾಜರು ಎಷ್ಟು ಜನ ಇದ್ದಾರು? ಆ ರಾಜ ಮುಂದೆ ಯಾರನ್ನೂ ಏನೂ ಕೇಳಿರಲಿಕ್ಕಿಲ್ಲ.

ಇದಕ್ಕಿಂತ ದೊಡ್ಡ ಅನಾಹುತ ಸೋಮದೇವನ ಕಥಾಸರಿತ್ಸಾಗರದಲ್ಲಿದೆ. ಸಾತವಾಹನ ರಾಜ ರಾಣಿಯರೊಂದಿಗೆ ಜಲಕ್ರೀಡೆಯಾಡುತ್ತಿದ್ದಾನೆ. ನೀರಾಟದಲ್ಲಿ ಸೋತ ಒಬ್ಬ ರಾಣಿ, ನೀರು ಎರಚಬೇಡ ಎಂಬರ್ಥದಲ್ಲಿ 'ಮೋದಕೈಃ' ಎನ್ನುತ್ತಾಳೆ. ಅದು 'ಮಾ' ಮತ್ತು 'ಉದಕೈಃ' ಸೇರಿ ಆದ ಸಂಧಿ. ರಾಜನಿಗೆ ಕೇಳಿಸಿದ್ದು ಮೋದಕ. ಪಾಪ, ಕೇಳಿದಳಲ್ಲ ಅಂತ ತಟ್ಟೆಗಟ್ಟಲೆ ಸಿಹಿ ತರಿಸುತ್ತಾನೆ. ಗಂಡನಾದವನು ಮಾಡಬೇಕಾದದ್ದು ಅದನ್ನೇ; ತುಂಬಿದ ಕೊಳದ ನಡುವೆ ನಿಂತು ಹೆಂಡತಿ ಕಡುಬು ಕೇಳಿದರೆ ಯಾಕೆ ಏನು ಎನ್ನದೆ ತರಿಸುವವನು ಒಳ್ಳೆಯ ಗಂಡ. ರಾಣಿ ಮಾತ್ರ ನಕ್ಕಳು. ಇಷ್ಟು ಸಂಧಿಯೂ ಗೊತ್ತಿಲ್ಲವೇ ಎಂದು ಹಂಗಿಸಿದಳು, ಪರಿವಾರವೂ ನಕ್ಕಿತು. ರಾಜ ನೀರಿನಿಂದೆದ್ದು ಹೋಗಿ ಮಲಗಿಬಿಟ್ಟ. ಊಟವಿಲ್ಲ, ಮಾತಿಲ್ಲ.

ಆಮೇಲಿನದು ಸಣ್ಣ ಕತೆಯಲ್ಲ. ಆಸ್ಥಾನದ ಗುಣಾಢ್ಯ ಆರು ವರ್ಷದಲ್ಲಿ ವ್ಯಾಕರಣ ಕಲಿಸುತ್ತೇನೆ ಎಂದ. ಶರ್ವವರ್ಮ ಆರೇ ತಿಂಗಳು ಸಾಕು ಎಂದ. ಹಾಗೇನಾದರೂ ಆದರೆ ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ಬಿಟ್ಟೆ ಎಂದು ಗುಣಾಢ್ಯ ಪಣ ತೊಟ್ಟು, ಸೋತು, ಬಾಯಿ ಮುಚ್ಚಿಕೊಂಡು ವಿಂಧ್ಯದ ಕಾಡು ಸೇರಿದ. ಅಲ್ಲಿ ಪೈಶಾಚಿ ಕಲಿತು, ಆ ಭಾಷೆಯಲ್ಲಿ ಏಳು ಲಕ್ಷ ಶ್ಲೋಕದ ಬೃಹತ್ಕಥೆಯನ್ನು ತನ್ನ ರಕ್ತದಲ್ಲೇ ಬರೆದು ರಾಜನಿಗೆ ಕಳಿಸಿದ. ರಾಜನಿಗೆ ಈಗ ವ್ಯಾಕರಣ ಬರುತ್ತದಲ್ಲ! ಪಿಶಾಚರ ಭಾಷೆ ಎಂದು ಮೂಗು ಮುರಿದು ಹಿಂದಕ್ಕೆ ಕಳಿಸಿದ. ಗುಣಾಢ್ಯ ಕಾಡಿನ ಮೃಗಗಳಿಗೆ ಒಂದೊಂದೇ ಎಲೆ ಓದಿ ಹೇಳಿ ಬೆಂಕಿಗೆ ಹಾಕುತ್ತ ಹೋದ. ಮೃಗಗಳು ಮೇವು ಬಿಟ್ಟು ಕಣ್ಣೀರಿಡುತ್ತ ಕೇಳಿದವು. ಅವುಗಳ ಒಣಗಿದ ಮಾಂಸ ತಿಂದು ರಾಜನಿಗೆ ಕಾಯಿಲೆಯಾಗಿ, ಕಾರಣ ಹುಡುಕಿಕೊಂಡು ಕಾಡಿಗೆ ಬಂದು ನೋಡುವ ಹೊತ್ತಿಗೆ ಉಳಿದದ್ದು ಒಂದು ಲಕ್ಷ ಶ್ಲೋಕ. ಒಂದು ಗುಣಸಂಧಿಗೆ ಆರು ಲಕ್ಷ ಶ್ಲೋಕಗಳ ಬೆಲೆ. ಆ ಮೂಲವೂ ಮುಂದೆ ಉಳಿಯಲಿಲ್ಲ; ಬೇರೆಯವರು ಬೇರೆ ಭಾಷೆಗಳಲ್ಲಿ ಹೇಳಿದ ಕತೆಗಳಷ್ಟೇ ನಮಗೆ ಸಿಕ್ಕಿವೆ. ನಮ್ಮ ಗಂಗ ದೊರೆ ದುರ್ವಿನೀತ ಅದನ್ನು ಸಂಸ್ಕೃತಕ್ಕೆ ತಂದನೆಂದು ಶಾಸನ ಹೇಳುತ್ತದೆ. ಪಾಪದ ಗುಣಾಢ್ಯ, ಬಿಟ್ಟು ಬಂದ ಭಾಷೆಗೇ ಅವನ ಕತೆಯನ್ನು ವಾಪಸು ಕೂರಿಸಿದರು.

ಹಾಗೆಂದು ತಿದ್ದುವುದೇ ಬೇಡ ಎಂದರೆ ನಾನು ಒಪ್ಪುವವನಲ್ಲ. ಪಠ್ಯಪುಸ್ತಕ, ಪತ್ರಿಕೆ, ಕ್ರಯಪತ್ರ, ಔಷಧದ ಚೀಟಿ ಇವುಗಳಲ್ಲಿ ಅಕ್ಷರ ತಪ್ಪಿದರೆ ಅನಾಹುತ. ಕರಡು ತಿದ್ದುವವರ ಕಣ್ಣು ನೋಯುವುದರಿಂದಲೇ ನಮ್ಮ ಕಣ್ಣಿಗೆ ನೋವಿಲ್ಲ. ಮಕ್ಕಳ ಕಾಪಿಯ ಮೇಲೆ ಮೇಷ್ಟರ ಕೆಂಪು ಗುರುತು ಬೀಳಲೇಬೇಕು. ಅದಕ್ಕೆ ಸಂಬಳ ಇದೆ. ಇನ್ನು ಕೇಳಿಕೊಂಡು ಬಂದವರಿಗೆ ಹೇಳುವ ಮಾತೇ ಬೇರೆ. ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಶುರುಮಾಡಿದರು. ಓದುಗರು ಸಾಲುಗಟ್ಟಿ ಪ್ರಶ್ನೆ ಬರೆದು ಕಳಿಸಿದರು, ಯಾರೂ ಕೋಪಿಸಿಕೊಂಡಂತಿಲ್ಲ. ಕಾರಣ ಸರಳ. ಅವರು ಯಾರ ಮನೆಯ ಲಗ್ನಪತ್ರಿಕೆಯನ್ನೂ ಕಸಿದುಕೊಳ್ಳಲಿಲ್ಲ, ಜನರೇ ತಮ್ಮ ಅನುಮಾನ ಹೊತ್ತು ಅವರ ಬಾಗಿಲಿಗೆ ಹೋದರು. ಅವರು ನೂರೇಳು ವರ್ಷ ಬಾಳಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಅತ್ತೆ ಮಾವನಿಗೆ ಆಗಾಗ ಹೇಳುವುದುಂಟು.

ಈ ವಿಷಯ ಮನೆಯೊಳಗಿನ ತಮಾಷೆಯಾಗಿ ಉಳಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಮಾವ ಹೋದ ಬೇಸಗೆಯಲ್ಲಿ ನಮ್ಮ ಮನೆಗೆ, ಬೆಂಗಳೂರಿಗೆ, ಬಂದಿದ್ದರು. ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಡಿಶಾದ ಹುಡುಗನೊಬ್ಬ ಇದ್ದಾನೆ. ಬಂದ ಹೊಸತರಲ್ಲಿ ನಮಸ್ಕಾರ ಬಿಟ್ಟು ಬೇರೆ ಕನ್ನಡ ಬರುತ್ತಿರಲಿಲ್ಲ. ನಮ್ಮಮ್ಮನ ಜೊತೆ ಮಾತಾಡಿ ಮಾತಾಡಿ ಕಲಿತ. ಅಮ್ಮನಿಗೆ ಹಿಂದಿ ಗೊತ್ತಿಲ್ಲದ್ದು ಅವನ ಪುಣ್ಯ. "ಅಮ್ಮಾ, ತರಕಾರಿ ಬಂದಿದ್ದಾನೆ" ಎಂದು ಇಂಟರ್‌ಕಾಮಿನಲ್ಲಿ ಹೇಳುತ್ತಾನೆ. ಅಮ್ಮ, "ನಿಂತ್ಕೊಳ್ಳೋಕೆ ಹೇಳಪ್ಪ, ಬಂದೆ" ಎಂದು ಚೀಲ ಹಿಡಿದು ಇಳಿಯುತ್ತಾರೆ. ತರಕಾರಿ ನಪುಂಸಕಲಿಂಗ, 'ಬಂದಿದೆ' ಅಂತ ಹೇಳಿಕೊಡು ಅಜ್ಜಿ ಎಂದು ಮೊಮ್ಮಗಳು ಹೇಳಿದರೆ, "ತರಕಾರಿಯವನು ಬಂದಿದ್ದಾನೆ ತಾನೆ? ಸರಿಯಾಗೇ ಹೇಳಿದ್ದಾನೆ" ಅನ್ನುತ್ತಾರೆ. ಈಚೆಗೆ ಅವರ ಬಾಯಲ್ಲೂ "ಕರೆಂಟು ಹೋದನಾ?" ಅಂತ ಬರತೊಡಗಿದೆ.

ಒಂದು ಬೆಳಿಗ್ಗೆ ಮಾವ ಗೇಟಿನ ಹತ್ತಿರ ಹೋಗಿದ್ದಾಗ ಹುಡುಗ ಎದ್ದು ನಿಂತು, "ತಾತ, ನೀನು ಕಾಫಿ ಆಯ್ತು?" ಅಂದ. ಮಾವ ಕೂತು ಪಾಠ ಶುರುಮಾಡಿದರು. ನೀನು ಅಲ್ಲ, ನಿಮ್ಮದು. ಆಯ್ತು ಅಲ್ಲ, ಆಯಿತೇ. ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಹುಡುಗ ತಲೆಯಾಡಿಸುತ್ತ ಕೇಳಿದ. ಮಾರನೆಯ ದಿನದಿಂದ ಮಾವನನ್ನು ಕಂಡರೆ ಎದ್ದು ನಿಲ್ಲುತ್ತಾನೆ, ಕೈಮುಗಿಯುತ್ತಾನೆ, ಮಾತಾಡಬೇಕಾಗಿ ಬಂದರೆ ಹಿಂದಿಯಲ್ಲಿ ಆಡುತ್ತಾನೆ. ಮಾವನಿಗೆ ಹಿಂದಿ ಬರುವುದಿಲ್ಲ. ಊರಿನಿಂದ ಮಾವನ ಹೆಸರಿಗೆ ಬಂದಿದ್ದ ಕೊರಿಯರು ಗೇಟಿನಲ್ಲೇ ಕೂತಿತ್ತು. ಅವನು ಹಿಂದಿಯಲ್ಲಿ ಹೇಳಿದ್ದನಂತೆ, ಇವರು ಹೂಂ ಎಂದು ಮುಂದೆ ಹೋಗಿದ್ದರಂತೆ. ಕೊನೆಗೆ ಅವನು ಇಂಟರ್‌ಕಾಮಿನಲ್ಲಿ ಅಮ್ಮನಿಗೆ, "ತಾತ ಪಾರ್ಸೆಲ್ ಬಂದಿದ್ದಾನೆ" ಎಂದ ಮೇಲೆಯೇ ಅದು ಮನೆ ಸೇರಿದ್ದು. ಒಳಗಿದ್ದದ್ದು ಮಾವನ ರಕ್ತದೊತ್ತಡದ ಮಾತ್ರೆ.

ಬೆಂಗಳೂರಿನ ಕನ್ನಡಿಗರಲ್ಲಿ ಮಾವನಂಥವರು ಕಡಿಮೆ. ಇಲ್ಲಿ ಇನ್ನೊಂದು ಬಗೆಯವರು ಹೆಚ್ಚು. ಎದುರಿನವನು ಮುರಿದ ಕನ್ನಡದಲ್ಲಿ ಎರಡು ಮಾತು ಆಡಿದ ಕೂಡಲೇ, ಪಾಪ ಕಷ್ಟಪಡುತ್ತಾನೆ ಅಂತ ಇವರೇ ಹಿಂದಿಗೋ ಇಂಗ್ಲಿಷಿಗೋ ತಮಿಳಿಗೋ ಇಳಿದುಬಿಡುತ್ತಾರೆ. 'ನಿನ್ನ ಕನ್ನಡ ಸಾಲದು' ಎಂದು ಮಾವ ಬಾಯಿಬಿಟ್ಟು ಹೇಳಿದ್ದನ್ನು ಇವರು ಬಾಯಿಬಿಡದೆ ಹೇಳುತ್ತಾರೆ. ಕಲಿಯುವವನಿಗೆ ಎರಡೂ ಒಂದೇ ತರ ಕೇಳಿಸುತ್ತದೆ. ಆಮೇಲೆ ನವೆಂಬರಿನಲ್ಲಿ, ಹೊರಗಿನಿಂದ ಬಂದವರು ಕನ್ನಡ ಕಲಿಯುವುದಿಲ್ಲ ಎಂದು ಭಾಷಣ.

ಆದ್ದರಿಂದ ನನ್ನದೊಂದು ಕೋರಿಕೆ. ನಿಮ್ಮ ಗೇಟಿನಲ್ಲೋ ಸಲೂನಿನಲ್ಲೋ ಆಸ್ಪತ್ರೆಯ ವಾರ್ಡಿನಲ್ಲೋ ಯಾರಾದರೂ, "ಸಾರ್, ಮಳೆ ಬರ್ತಾನೆ, ಛತ್ರಿ ಇದ್ದಾನಾ?" ಅಂತ ಕೇಳಿದರೆ, ನಗಬೇಡಿ, ಹಿಂದಿಗೆ ಹಾರಬೇಡಿ. ಛತ್ರಿ ಇದೆಯೋ ಇಲ್ಲವೋ ಕನ್ನಡದಲ್ಲಿ ಹೇಳಿ. ಲಿಂಗ, ವಚನ, ವಿಭಕ್ತಿಗಳನ್ನು ಆಮೇಲೆ ನೋಡಿಕೊಳ್ಳೋಣ.